ವಾಕ್ ಚಿಕಿತ್ಸಕರ ಪ್ರಮಾಣಪತ್ರದಲ್ಲಿ ನಮ್ಮ ಕನ್ನಡ ಎಲ್ಲಿದೆ?

ಐಚ್ಛಿಕ ಕನ್ನಡ ಓದುವ ವಿದ್ಯಾರ್ಥಿಗಳ ಎದುರು ಉದ್ಯೋಗದ ಮಾತು ಬಂದಾಗ ನಾವು ಅಧ್ಯಾಪಕರು ಹೇಳುವುದು ಸಾಮಾನ್ಯವಾಗಿ ಮೂರೇ ದಾರಿ: ಶಿಕ್ಷಕ ವೃತ್ತಿ, ಪತ್ರಿಕೋದ್ಯಮ, ಸ್ಪರ್ಧಾತ್ಮಕ ಪರೀಕ್ಷೆ. ಭಾಷಾಂತರವನ್ನು ಸೇರಿಸಿದರೆ ನಾಲ್ಕು. ಈ ಸಂಚಿಕೆಯಲ್ಲಿ ನಾನು ಬರೆಯಹೊರಟಿರುವ ವೃತ್ತಿ ಆ ಪಟ್ಟಿಯಲ್ಲಿಲ್ಲ. ಅದರ ಬಾಗಿಲು ನಿಮಗೆ ನೇರವಾಗಿ ತೆರೆದೂ ಇಲ್ಲ; ಹನ್ನೆರಡನೆಯ ಇಯತ್ತೆಯಲ್ಲಿ ವಿಜ್ಞಾನ ಓದಿದವರಿಗಷ್ಟೇ ಅಲ್ಲಿ ಪ್ರವೇಶ. ಆದರೆ ನೀವು ಓದುತ್ತಿರುವ ವಿಷಯದ ನೆರವಿಲ್ಲದೆ ಆ ವೃತ್ತಿ ನಮ್ಮ ಗಡಿಭಾಗದಲ್ಲಿ ಸರಿಯಾಗಿ ನಡೆಯಲಾರದು ಎಂಬುದು ನನ್ನ ವಾದ. ನಾನು ಹೇಳುತ್ತಿರುವುದು ವಾಕ್ ಚಿಕಿತ್ಸಕರ ವಿಷಯ. ಮರಾಠಿಯಲ್ಲಿ ಅವರನ್ನು ವಾಚಾ ಉಪಚಾರ ತಜ್ಞ ಎನ್ನುತ್ತಾರೆ. ಆಸ್ಪತ್ರೆಯ ಫಲಕಗಳ ಮೇಲೆ ಸ್ಪೀಚ್ ಥೆರಪಿಸ್ಟ್ ಎಂದಿರುತ್ತದೆ.

ಇವರ ಕೆಲಸದ ವ್ಯಾಪ್ತಿ ನಾವು ತಿಳಿದಿರುವುದಕ್ಕಿಂತ ದೊಡ್ಡದು. ಮೂರು ವರ್ಷವಾದರೂ ಮಾತು ಬಾರದ ಮಗು, ‘ಕ’ ಎನ್ನಬೇಕಾದಲ್ಲಿ ‘ತ’ ಎನ್ನುವ ಮಗು, ಉಗ್ಗುವ ಹುಡುಗ, ಸೀಳು ಅಂಗುಳಿನ ಶಸ್ತ್ರಚಿಕಿತ್ಸೆಯಾದ ಕೂಸು, ಲಕ್ವ ಹೊಡೆದು ಮಾತು ಹೋದ ಯಜಮಾನ, ದಿನವಿಡೀ ಕೂಗಿ ಗಂಟಲು ಕಟ್ಟಿಕೊಂಡ ಶಿಕ್ಷಕಿ, ನೀರು ನುಂಗಲಾಗದ ರೋಗಿ ಎಲ್ಲರೂ ಇವರ ಬಳಿಗೇ ಬರುತ್ತಾರೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಮಾತಿನ ಅಂಗವೈಕಲ್ಯ ಉಳ್ಳವರು ಸುಮಾರು 20 ಲಕ್ಷ, ಶ್ರವಣದ ಅಂಗವೈಕಲ್ಯ ಉಳ್ಳವರು ಸುಮಾರು 50 ಲಕ್ಷ. ನಮ್ಮ ಹಳ್ಳಿಗಳಲ್ಲಿ ಇವರನ್ನೆಲ್ಲ ‘ಮೂಗ’ ಎಂಬ ಒಂದೇ ಶಬ್ದದ ಕೆಳಗೆ ನೂಕಿಬಿಡುವ ರೂಢಿ ಇನ್ನೂ ಹೋಗಿಲ್ಲ. ಈ ವಿಷಯದಲ್ಲಿ ಮರಾಠಿ ಹೆಚ್ಚು ನಿಖರವಾಗಿದೆ. ಉಗ್ಗುವವನು ‘ತೋತರಾ’, ಅಕ್ಷರ ತಪ್ಪಿ ಎಳಸಾಗಿ ನುಡಿಯುವವನು ‘ಬೋಬಡಾ’. ಕನ್ನಡದಲ್ಲಿ ‘ಉಗ್ಗು’, ‘ತೊದಲು’ ಎಂಬ ಎರಡು ಒಳ್ಳೆಯ ಪದಗಳಿದ್ದರೂ ನಾವು ಅವನ್ನು ಬೆರೆಸಿ ಬಳಸುತ್ತೇವೆ.

ಇಂಥ ಕೆಲಸ ಮಾಡಲು ಯಾರು ಅರ್ಹರು? ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆ 1992ರಲ್ಲಿ ಬಂದಿತು. 1993ರಿಂದ ಪರಿಷತ್ತು ಶಾಸನಬದ್ಧ ಸಂಸ್ಥೆಯಾಗಿ ಕೆಲಸ ಮಾಡುತ್ತಿದೆ. ಮಾನ್ಯತೆ ಪಡೆದ ಸಂಸ್ಥೆಯಲ್ಲಿ ನಾಲ್ಕು ವರ್ಷದ ಪದವಿ ಪಡೆದವರು (ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್) ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರು ಬರೆಸಿ ಸಂಖ್ಯೆ ಪಡೆಯಬೇಕು. ಅದಕ್ಕಿಂತ ಕೆಳಗೆ ಒಂದು ವರ್ಷದ ಡಿಪ್ಲೊಮಾ ಪಡೆದ ಸಹಾಯಕರ ಹಂತವೂ ಇದೆ. ನೋಂದಣಿ ಇಲ್ಲದೆ ಈ ವೃತ್ತಿ ನಡೆಸುವವರಿಗೆ ಕಾಯಿದೆಯ 13ನೆಯ ಕಲಮಿನಲ್ಲಿ ಒಂದು ವರ್ಷದವರೆಗಿನ ಸೆರೆವಾಸ, ಇಲ್ಲವೆ ಒಂದು ಸಾವಿರ ರೂಪಾಯಿವರೆಗಿನ ದಂಡ, ಇಲ್ಲವೆ ಎರಡೂ ವಿಧಿಸಬಹುದು ಎಂದಿದೆ. ಸಾವಿರ ರೂಪಾಯಿ! ಇಂದು ಖಾಸಗಿ ಚಿಕಿತ್ಸಾಲಯದಲ್ಲಿ ನಾಲ್ಕಾರು ದಿನದ ಶುಲ್ಕಕ್ಕೂ ಅದು ಸಾಲುವುದಿಲ್ಲ. ಆದ್ದರಿಂದ ಸಣ್ಣ ಊರುಗಳಲ್ಲಿ ಶ್ರವಣಯಂತ್ರ ಮಾರುವವನೇ ಮಾತಿನ ಚಿಕಿತ್ಸೆಯನ್ನೂ ಕೊಡುತ್ತೇನೆಂದು ಫಲಕ ತೂಗುಹಾಕಿದರೆ ಅವನು ಹೆದರಬೇಕಾದ ಕಾರಣ ಕಡಿಮೆ. ನಿಮ್ಮ ಮನೆಯ, ನಿಮ್ಮ ಓಣಿಯ ಮಗುವನ್ನು ಯಾರಾದರೂ ಕರೆದೊಯ್ಯುವಾಗ ನೋಂದಣಿ ಸಂಖ್ಯೆ ಏನೆಂದು ಕೇಳಲು ಹೇಳಿರಿ. ಕೇಳುವುದಕ್ಕೆ ಸಂಕೋಚ ಬೇಡ.

ನೋಂದಣಿ ಒಮ್ಮೆ ಆದರೆ ಜನ್ಮಪರ್ಯಂತ ನಡೆಯುವಂತಿಲ್ಲ. ಕಾಲಕಾಲಕ್ಕೆ ಅದನ್ನು ನವೀಕರಿಸಬೇಕು; ನವೀಕರಣಕ್ಕೆ ಪರಿಷತ್ತು ಅನುಮೋದಿಸಿದ ಕಾರ್ಯಾಗಾರ, ವಿಚಾರಸಂಕಿರಣ ಮುಂತಾದವುಗಳಲ್ಲಿ ಭಾಗವಹಿಸಿ ನಿಗದಿತ ಅಂಕಗಳನ್ನು ಗಳಿಸಬೇಕು. ಇದಕ್ಕೆ ನಿರಂತರ ಪುನರ್ವಸತಿ ಶಿಕ್ಷಣ ಎಂದು ಹೆಸರು. ತತ್ತ್ವದಲ್ಲಿ ಇದು ಸರಿಯಾದ ವ್ಯವಸ್ಥೆ. ಹತ್ತು ವರ್ಷದ ಹಿಂದೆ ಕಲಿತ ವಿದ್ಯೆಯನ್ನೇ ನೆಚ್ಚಿಕೊಂಡು ರೋಗಿಯ ಮುಂದೆ ಕೂಡುವುದು ಅನ್ಯಾಯ. ಮಕ್ಕಳ ಕಿವಿಯೊಳಗೆ ಇಡುವ ಕಾಕ್ಲಿಯರ್ ಸಾಧನದಿಂದ ಹಿಡಿದು ಸ್ವಲೀನತೆಯ ಬಗೆಗಿನ ತಿಳಿವಳಿಕೆಯವರೆಗೆ ಎಲ್ಲವೂ ಬದಲಾಗುತ್ತಿದೆ.

ಆದರೆ ಅಂಕ ಕೂಡಿಸುವ ವ್ಯವಸ್ಥೆಗಳ ವಿಷಯದಲ್ಲಿ ನಾವು ಕಾಲೇಜು ಅಧ್ಯಾಪಕರು ಯಾರಿಗೂ ಪಾಠ ಹೇಳಿಸಿಕೊಳ್ಳಬೇಕಾಗಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು 2010ರಲ್ಲಿ ತಂದ ಅಂಕಪದ್ಧತಿಯ ಕಾಲದಲ್ಲಿ ವಿಚಾರಸಂಕಿರಣಗಳು ಮಳೆಗಾಲದ ಅಣಬೆಗಳಂತೆ ಎದ್ದುದನ್ನು ನೋಡಿದ್ದೇವೆ. ಮುಂಜಾನೆ ಸಹಿ, ಮಧ್ಯಾಹ್ನ ಊಟ, ಸಂಜೆ ಪ್ರಮಾಣಪತ್ರ. ಪ್ರಬಂಧ ಮಂಡಿಸಿದವರೇ ಉಳಿದವರ ಪ್ರಬಂಧಕ್ಕೆ ನಿಲ್ಲುತ್ತಿರಲಿಲ್ಲ. ವಾಕ್ ಚಿಕಿತ್ಸಕರ ಕಾರ್ಯಾಗಾರಗಳೆಲ್ಲ ಹೀಗೆಯೇ ಎಂದು ನಾನು ಹೇಳುವುದಿಲ್ಲ. ಆದರೆ ಹಾಜರಾತಿಯನ್ನು ಅಳೆಯುವ ಯಾವ ಪದ್ಧತಿಯಲ್ಲಾದರೂ ಕಲಿಕೆ ಜಾರಿಹೋಗುವ ಅಪಾಯವಿದೆ. ಇಂಗ್ಲೆಂಡಿನ ಕ್ರಮ ಬೇರೆ. ಅಲ್ಲಿ ನೋಂದಣಿ ಮಂಡಳಿ ಗಂಟೆಗಳನ್ನು ಎಣಿಸುವುದಿಲ್ಲ. ಎರಡು ವರ್ಷಕ್ಕೊಮ್ಮೆ ನವೀಕರಣದ ಹೊತ್ತಿಗೆ ನೂರಕ್ಕೆ ಎರಡೂವರೆ ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ, ನೀನು ಕಲಿತದ್ದರಿಂದ ನಿನ್ನ ರೋಗಿಗೆ ಏನು ಒಳಿತಾಯಿತು ಎಂದು ಬರೆದು ತೋರಿಸಲು ಕೇಳುತ್ತದೆ. ಈ ಒಂದು ಪ್ರಶ್ನೆಯ ಎದುರು ನಮ್ಮ ಬಹುಪಾಲು ಸಂಕಿರಣಗಳು ನಿಲ್ಲಲಾರವು.

ಇಷ್ಟು ಪೀಠಿಕೆ ಸಾಕು. ನನ್ನ ಮುಖ್ಯ ಆಕ್ಷೇಪ ಅಂಕಗಳ ಎಣಿಕೆಯ ಬಗೆಗಲ್ಲ. ವಾಕ್ ಚಿಕಿತ್ಸಕರ ಪ್ರಮಾಣಪತ್ರವು ಅವರು ಗಂಟಲಿನ ರಚನೆಯನ್ನು, ಮಿದುಳಿನ ಭಾಗಗಳನ್ನು, ಕಿವಿಯ ಪರೀಕ್ಷೆಗಳನ್ನು ಬಲ್ಲರು ಎಂದು ಸಾರುತ್ತದೆ. ಯಾವ ಭಾಷೆಯ ಮಾತನ್ನು ಬಲ್ಲರು ಎಂಬುದನ್ನು ಅದು ಹೇಳುವುದಿಲ್ಲ. ಮೂಳೆಯ ವೈದ್ಯನಿಗೆ ರೋಗಿಯ ಭಾಷೆ ಬಾರದಿದ್ದರೆ ಮೂಳೆಗೇನೂ ಆಗದು. ಮಾತಿನ ವೈದ್ಯನಿಗೆ ಬಾರದಿದ್ದರೆ ಅವನು ಪರೀಕ್ಷಿಸುವ ಅಂಗವೇ ಅವನ ಕಣ್ಣಿಗೆ ಬಿದ್ದಂತಾಗಲಿಲ್ಲ.

ಕನ್ನಡದ ಮಟ್ಟಿಗೆ ಈ ಶಾಸ್ತ್ರಕ್ಕೆ ಬಡತನವಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. ಮಾನಸಗಂಗೋತ್ರಿಯ ಮಗ್ಗುಲಲ್ಲಿ ಅದರ ಕಟ್ಟಡಕ್ಕೆ ಮರುವರ್ಷ ರಾಷ್ಟ್ರಪತಿ ರಾಧಾಕೃಷ್ಣನ್ ಅಡಿಗಲ್ಲು ಇಟ್ಟರು. ಮುಂಬಯಿಯ ಅಲಿ ಯಾವರ್ ಜಂಗ್ ಸಂಸ್ಥೆ ಹುಟ್ಟಿದ್ದು 1983ರಲ್ಲಿ. ಮೈಸೂರಿನ ಸಂಸ್ಥೆಯ ನಿರ್ದೇಶಕರಾಗಿದ್ದವರಲ್ಲಿ ಒಬ್ಬರನ್ನು ನೀವು ಬೇರೊಂದು ಪಾಠದಲ್ಲಿ ಕೇಳಿರುತ್ತೀರಿ: ನ. ರತ್ನ. ಕನ್ನಡದ ಅಸಂಗತ ನಾಟಕಗಳ ಮಾತು ಬಂದಾಗ ಬರುವ ಹೆಸರು, ಮೈಸೂರಿನ ‘ಸಮತೆಂತೋ’ ರಂಗತಂಡದ ಹೆಸರಿನೊಡನೆ ಬರುವ ಹೆಸರು. ಮಾತು ಅರ್ಥ ಕಳೆದುಕೊಳ್ಳುವುದನ್ನು ರಂಗದ ಮೇಲೆ ತೋರಿಸಿದ ನಾಟಕಕಾರನ ಹಗಲಿನ ಕೆಲಸ ಮಾತು ಕಳೆದುಕೊಂಡವರ ನಡುವೆ ಇದ್ದಿತೆಂಬುದು ಅವರ ನಾಟಕಗಳನ್ನು ಓದುವಾಗ ನೆನಪಿರಬೇಕಾದ ಸಂಗತಿ. 1972ರಲ್ಲಿ ಬಾಬು, ರತ್ನ, ಬೆಟ್ಟಗೇರಿ ಎಂಬ ಮೂವರು ಕನ್ನಡ ಮಕ್ಕಳ ಉಚ್ಚಾರಣೆಯನ್ನು ಪರೀಕ್ಷಿಸುವ ಸಾಧನವೊಂದನ್ನು ಪ್ರಕಟಿಸಿದರು. 1980ರಲ್ಲಿ ಪ್ರತಿಭಾ ಕಾರಂತರು ಕನ್ನಡದ ಧ್ವನಿ, ವಾಕ್ಯ, ಅರ್ಥಗಳ ತಿಳಿವನ್ನು ಅಳೆಯುವ ಭಾಷಿಕ ಪರೀಕ್ಷೆಯನ್ನು ರೂಪಿಸಿದರು. ಇಂಗ್ಲಿಷಿನ ಪರೀಕ್ಷೆಗಳನ್ನೇ ಅನುವಾದಿಸಿ ಒಪ್ಪಿಸುವುದು ಸುಲಭವಾಗಿದ್ದ ಕಾಲದಲ್ಲಿ ಇವರು ಕನ್ನಡದ ವ್ಯಾಕರಣದಿಂದಲೇ ಹೊರಟರು. ಇಂದು ಧಾರವಾಡದಲ್ಲಿಯೂ ಈ ವಿದ್ಯೆಯ ಕಾಲೇಜಿದೆ.

ಆದರೆ ಯಾವ ಕನ್ನಡ? ಮೈಸೂರು ಸೀಮೆಯ ಕನ್ನಡವನ್ನು ಅಳತೆಗೋಲಾಗಿ ಹಿಡಿದು ಜತ್ತ ತಾಲ್ಲೂಕಿನ ಮಗುವಿನ ಮುಂದೆ ಚಿತ್ರಗಳನ್ನು ಇಟ್ಟೆವೆನ್ನಿ. ಮನೆಯ ಚಿತ್ರ ತೋರಿಸಿದರೆ ಮಗು ‘ಮನಿ’ ಎನ್ನುತ್ತದೆ, ಕೆರೆಗೆ ‘ಕೆರಿ’. ಪದಾಂತ್ಯದ ಎಕಾರವನ್ನು ಉಚ್ಚರಿಸಲಾರದು ಎಂದು ಬರೆದುಕೊಳ್ಳುವುದೇ? ಈರುಳ್ಳಿಯ ಚಿತ್ರಕ್ಕೆ ‘ಉಳ್ಳಾಗಡ್ಡಿ’ ಎಂಬ ಉತ್ತರ ಬರುತ್ತದೆ. ಪರೀಕ್ಷಕರು ಕಾಯುತ್ತಿದ್ದ ರಕಾರ ಬರುವುದೇ ಇಲ್ಲ. ಕಡಲೇಕಾಯಿ ‘ಶೇಂಗಾ’, ಆಲೂಗಡ್ಡೆ ‘ಬಟಾಟಿ’. ಇಲ್ಲಿ ಮಗುವಿನ ನಾಲಗೆಯಲ್ಲಿ ಯಾವ ಕುಂದೂ ಇಲ್ಲ. ಈ ಶಾಸ್ತ್ರದವರೇ ಒಪ್ಪುವ ಮೂಲಸೂತ್ರವೊಂದಿದೆ: ಭಿನ್ನತೆ ಬೇರೆ, ದೋಷ ಬೇರೆ. ಸೂತ್ರ ಒಪ್ಪಿದರೆ ಸಾಲದು. ಭಿನ್ನತೆ ಎಲ್ಲಿ ಮುಗಿದು ದೋಷ ಎಲ್ಲಿ ಮೊದಲಾಗುತ್ತದೆ ಎಂದು ಗುರುತಿಸಲು ಆ ಸೀಮೆಯ ಮಾತು ಗೊತ್ತಿರಬೇಕು. ಪಂಪನ ಕಾಲದ ವಾಕ್ ಚಿಕಿತ್ಸಕನೊಬ್ಬನನ್ನು ಕಲ್ಪಿಸಿಕೊಳ್ಳಿರಿ. ‘ಪಾಲ್’ ಎನ್ನಬೇಕಾದಲ್ಲಿ ‘ಹಾಲು’ ಎನ್ನುವ, ೞಕಾರಕ್ಕೂ ಳಕಾರಕ್ಕೂ ಭೇದವರಿಯದ ನಮ್ಮೆಲ್ಲರನ್ನೂ ಅವನು ಸಾಲಾಗಿ ಕೂರಿಸಿ ಚಿಕಿತ್ಸೆ ಆರಂಭಿಸುತ್ತಿದ್ದನು.

ಗಡಿಭಾಗದಲ್ಲಿ ಇದು ಇನ್ನೂ ತೊಡಕಾಗುತ್ತದೆ, ಏಕೆಂದರೆ ನಮ್ಮ ಮಕ್ಕಳು ಎರಡು ಧ್ವನಿವ್ಯವಸ್ಥೆಗಳ ನಡುವೆ ಬೆಳೆಯುತ್ತಾರೆ. ನಾನೂ ಹಾಗೆಯೇ ಬೆಳೆದವನು: ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆ, ಮುಂದೆ ಮರಾಠಿ ಮಾಧ್ಯಮ. ನಮ್ಮ ಆಡುಗನ್ನಡದಲ್ಲಿ ಮಹಾಪ್ರಾಣಗಳು ಬಹುಮಟ್ಟಿಗೆ ಸಡಿಲ. ಮರಾಠಿಯಲ್ಲಿ ಅವು ಅರ್ಥವನ್ನೇ ಬದಲಿಸುತ್ತವೆ: ‘ಬಾಗ’ ಎಂದರೆ ತೋಟ, ‘ಭಾಗ’ ಎಂದರೆ ಪಾಲು, ‘ದಾರ’ ಎಂದರೆ ಬಾಗಿಲು, ‘ಧಾರ’ ಎಂದರೆ ಅಲಗು. ಮರಾಠಿ ಶಾಲೆಗೆ ಹೊಸದಾಗಿ ಸೇರಿದ ಕನ್ನಡದ ಹುಡುಗ ಎರಡನ್ನೂ ಒಂದೇ ಬಗೆಯಲ್ಲಿ ನುಡಿದರೆ ಮರಾಠಿ ಅಳತೆಗೋಲಿನ ಪ್ರಕಾರ ಅದು ಉಚ್ಚಾರಣಾ ದೋಷ. ಕನ್ನಡದ ಕಡೆಯಿಂದ ನೋಡಿದರೆ ಅವನ ಮನೆಮಂದಿಯೆಲ್ಲ ಹಾಗೆಯೇ ನುಡಿಯುತ್ತಾರೆ. ಮರಾಠಿಯಲ್ಲಿ ‘ಚಾರ’ (ನಾಲ್ಕು) ಎಂಬಲ್ಲಿನ ಚಕಾರ ಬೇರೆ, ‘ಚಾಕ’ (ಗಾಲಿ) ಎಂಬಲ್ಲಿನ ಚಕಾರ ಬೇರೆ. ಎರಡನೆಯದು ಹಲ್ಲಿನ ಹತ್ತಿರ ಹುಟ್ಟುತ್ತದೆ. ದೇವನಾಗರಿಯಲ್ಲಾಗಲಿ ನಮ್ಮ ಲಿಪಿಯಲ್ಲಾಗಲಿ ಇದಕ್ಕೆ ಪ್ರತ್ಯೇಕ ಅಕ್ಷರವಿಲ್ಲ. ಮರಾಠಿ ಓಣಿಯಲ್ಲಿ ಬೆಳೆದ ಮಗು ಕನ್ನಡದ ಮಾತಿಗೂ ಆ ಹಲ್ಲಿನ ಚಕಾರವನ್ನು ತಂದರೆ ಬೆಂಗಳೂರಿನ ಚಿಕಿತ್ಸಕರಿಗೆ ಅದು ತೊದಲೆಂದು ಕೇಳಿಸಬಹುದು.

ಇದಕ್ಕೆ ತಿರುವುಮುರುವಾದ ಅಪಾಯವೂ ಇದೆ, ಅದರ ಮಾತು ಯಾರೂ ಎತ್ತುವುದಿಲ್ಲ. ದೋಷವಿಲ್ಲದಲ್ಲಿ ದೋಷ ಕಾಣುವಂತೆ, ನಿಜವಾದ ದೋಷ ಕಿವಿಗೆ ಬೀಳದೆಯೂ ಹೋಗಬಹುದು. ಮರಾಠಿಯಲ್ಲಿ ಎ–ಏ, ಒ–ಓ ಎಂಬ ಹ್ರಸ್ವದೀರ್ಘ ಭೇದವಿಲ್ಲ. ‘ಕೊಡು’ ಮತ್ತು ‘ಕೋಡು’, ‘ಕೆರೆ’ ಮತ್ತು ‘ಕೇರಿ’ ಇವುಗಳ ಸ್ವರಭೇದವನ್ನು ಮಗು ಹಿಡಿಯಲಾರದೆ ಹೋದರೆ ಕನ್ನಡವರಿಯದ ಪರೀಕ್ಷಕರಿಗೆ ಅದು ಗೊತ್ತಾಗುವ ಬಗೆಯೇ ಇಲ್ಲ. ಕಿವಿ ಮಂದವಾದ ಮಗುವಿನಲ್ಲಿ ಸ್ವರದ ಉದ್ದವನ್ನು ಹಿಡಿಯಲಾರದಿರುವುದು ಒಂದು ಮುಖ್ಯ ಸೂಚನೆಯಾಗಿರಬಹುದು. ಹಾಗೆಯೇ ಳಕಾರ. ಕನ್ನಡಕ್ಕೂ ಮರಾಠಿಗೂ ಅದು ಬೇಕು, ಶಿಷ್ಟ ಹಿಂದಿಗೆ ಬೇಡ. ಹಿಂದಿ ಸೀಮೆಯಿಂದ ಬಂದ ಚಿಕಿತ್ಸಕರು ‘ಬಳೆ’ ಎನ್ನದೆ ‘ಬಲೆ’ ಎಂದ ಮಗುವಿಗೆ ಪೂರ್ಣ ಅಂಕ ಕೊಟ್ಟು ಕಳಿಸಬಹುದು.

ವ್ಯಾಕರಣದಲ್ಲೂ ಹೀಗೆಯೇ. ‘ಬರ್ತೀನಿ’ ಎಂಬ ಒಂದೇ ಶಬ್ದದಲ್ಲಿ ಕರ್ತೃವೂ ಕಾಲವೂ ಅಡಗಿವೆ. ಮಗು ಒಂದು ವಾಕ್ಯದಲ್ಲಿ ಎಷ್ಟು ಶಬ್ದ ಬಳಸುತ್ತದೆ ಎಂದು ಎಣಿಸಿ ಅದರ ಭಾಷೆಯ ವಯಸ್ಸನ್ನು ಅಳೆಯುವ ಕ್ರಮ ಇಲ್ಲಿ ಕನ್ನಡದ ಮಗುವಿಗೆ ಮೋಸ ಮಾಡುತ್ತದೆ. ಪ್ರತ್ಯಯಗಳನ್ನು ಎಣಿಸಬೇಕಾಗುತ್ತದೆ, ಅದನ್ನು ಬಿಡಿಸಲು ಬಲ್ಲವರು ಬೇಕು. ಮರಾಠಿಯಲ್ಲಿ ಹುಡುಗ ‘ಮೀ ಯೇತೋ’, ಹುಡುಗಿ ‘ಮೀ ಯೇತೇ’. ಕಲ್ಲು ಗಂಡು, ಕುರ್ಚಿ ಹೆಣ್ಣು, ಪುಸ್ತಕ ನಪುಂಸಕ. ಕನ್ನಡದ ಮಗು ಇವುಗಳಲ್ಲಿ ತಡವರಿಸಿದರೆ ಅದು ಭಾಷೆ ಕಲಿಯುತ್ತಿರುವ ಲಕ್ಷಣವೇ ಹೊರತು ಭಾಷಾದೋಷದ ಲಕ್ಷಣವಲ್ಲ. ಇವೆಲ್ಲ ನಿಮ್ಮ ಭಾಷಾವಿಜ್ಞಾನದ ಪತ್ರಿಕೆಯಲ್ಲಿ ಬರುವ ಸಂಗತಿಗಳು. ಪರೀಕ್ಷೆ ಮುಗಿದ ಮೇಲೆ ಇವುಗಳಿಂದ ಏನು ಉಪಯೋಗ ಎಂದು ಕೇಳುತ್ತಿದ್ದಿರಲ್ಲ!

ಇನ್ನೊಂದು ಮಾತು. ಸಾಂಗಲಿ ಜಿಲ್ಲೆಯ ಮಾತು ಜಗತ್ತಿನ ಭಾಷಾವಿಜ್ಞಾನದ ಗ್ರಂಥಗಳಲ್ಲಿ ಐವತ್ತು ವರ್ಷಗಳಿಂದ ಇದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ನಮ್ಮ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗುಗಳು ಒಟ್ಟಿಗೆ ಬಾಳುವ ರೀತಿಯನ್ನು ಅಭ್ಯಸಿಸಿ 1971ರಲ್ಲಿ ಪ್ರಬಂಧ ಪ್ರಕಟಿಸಿದರು. ಶಬ್ದಗಳು ಆಯಾ ಭಾಷೆಯವೇ ಆಗಿ ಉಳಿದಿದ್ದರೂ ವಾಕ್ಯದ ಅಚ್ಚು ಮಾತ್ರ ಬಹುತೇಕ ಒಂದೇ ಆಗಿದೆ, ಒಂದು ಭಾಷೆಯ ವಾಕ್ಯವನ್ನು ಪದಕ್ಕೆ ಪದ ಇಟ್ಟು ಇನ್ನೊಂದಕ್ಕೆ ತಿರುಗಿಸಬಹುದು ಎಂಬುದು ಅವರು ಕಂಡ ವಿಸ್ಮಯ. ಮೀರಜ–ಸಾಂಗಲಿಗೆ ಹೋಗುವಾಗ ಆ ಕುಪವಾಡದ ಹೆಸರು ಮಹಾನಗರಪಾಲಿಕೆಯ ಫಲಕದ ಮೇಲೆ ಕಾಣುತ್ತದೆ. ಹೊರದೇಶದ ತರಗತಿಗಳಲ್ಲಿ ಪಾಠವಾಗುವ ಈ ಸಂಗತಿ, ಅದೇ ಫಲಕದ ಪಕ್ಕದಲ್ಲಿ ಕುಳಿತು ಇದೇ ಜನರ ಮಕ್ಕಳ ಮಾತನ್ನು ಅಳೆಯುವವರ ತರಬೇತಿಯಲ್ಲಿ ಇರಬೇಡವೇ?

ಇದರಿಂದ ಆಗುವ ಹಾನಿ ತಾತ್ತ್ವಿಕವಾದುದಲ್ಲ. ನನ್ನ ಪರಿಚಯದ ಕುಟುಂಬವೊಂದರಲ್ಲಿ ಎರಡೂವರೆ ವರ್ಷದ ಗಂಡುಮಗುವಿಗೆ ಹತ್ತಾರು ಶಬ್ದಗಳ ಹೊರತು ಮಾತು ಬಂದಿರಲಿಲ್ಲ. ಬಸ್ಸಿನಲ್ಲಿ ಎರಡು ತಾಸು ಪ್ರಯಾಣ ಮಾಡಿ ನಗರದ ಒಂದು ಚಿಕಿತ್ಸಾಲಯಕ್ಕೆ ಹೋದರು. ಪರೀಕ್ಷೆ ಮರಾಠಿಯಲ್ಲಿ ನಡೆಯಿತು. ಎರಡು ಭಾಷೆಗಳಿಂದ ಮಗುವಿಗೆ ಗೊಂದಲವಾಗಿದೆ, ಮನೆಯಲ್ಲಿ ಕನ್ನಡ ನಿಲ್ಲಿಸಿರಿ, ಶಾಲೆಯ ಭಾಷೆಯನ್ನೇ ಆಡಿರಿ ಎಂಬುದು ಸಿಕ್ಕ ಸಲಹೆ. ತಂದೆ ತಾಯಿ ಹಾಗೆಯೇ ನಡೆದರು. ಓದಿದವರು ಹೇಳಿದ ಮಾತು ಮೀರುವುದುಂಟೆ? ತಂದೆತಾಯಿ ಇಬ್ಬರೂ ಹಗಲೆಲ್ಲ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುವವರು. ಮಗುವಿನೊಡನೆ ದಿನವೆಲ್ಲ ಇರುತ್ತಿದ್ದವಳು ಸಂಖದ ಕಡೆಯ ಆಯಿ. ಆಕೆಗೆ ಬರುವುದು ಕನ್ನಡವೊಂದೇ. ತನ್ನಿಂದ ಮೊಮ್ಮಗನಿಗೆ ಕೆಡುಕಾಗಬಾರದೆಂದು ಆಕೆ ಮಾತನ್ನೇ ನಿಲ್ಲಿಸಿದಳು. ಮೊದಲು ಊಟ ಮಾಡಿಸುವಾಗ ಕತೆ, ಮಲಗಿಸುವಾಗ ಜೋಗುಳ ಇದ್ದವು. ಆಮೇಲೆ ಸನ್ನೆ ಮಾಡಿ ತುತ್ತು ಕೊಡತೊಡಗಿದಳು. ಮಾತು ಕಡಿಮೆಯಿದ್ದ ಮಗುವಿಗೆ ದಿನಕ್ಕೆ ಹತ್ತು ತಾಸಿನ ಮೌನ ಚಿಕಿತ್ಸೆಯಾಗಿ ದೊರೆಯಿತು. ಒಂದು ವರ್ಷದ ಮೇಲೆ ವಿಜಯಪುರದಲ್ಲಿ ಬೇರೊಬ್ಬ ಚಿಕಿತ್ಸಕಿ ಕನ್ನಡದಲ್ಲಿ ಪರೀಕ್ಷಿಸಿ ಮೊದಲು ಹೇಳಿದ ಮಾತು: “ಅಜ್ಜೀ, ನೀವು ಮಾತಾಡ್ರಿ. ನಿಮ್ಮಷ್ಟು ಹೊತ್ತು ಇವನ ಕೂಡ ಯಾರು ಇರತಾರು?” ಆ ಒಂದು ವರ್ಷವನ್ನು ಮಗುವಿಗೆ ಮರಳಿ ಕೊಡುವುದು ಯಾರಿಂದಲೂ ಆಗದು, ಮಾತು ಕಲಿಯುವ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಸಣ್ಣ ಅವಧಿಯಲ್ಲ.

ಎರಡು ಭಾಷೆಗಳಿಂದ ಮಾತು ತಡವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂದು ಈ ಶಾಸ್ತ್ರವೇ ಹೇಳುತ್ತದೆ. ಕೆನಡಾದಲ್ಲಿ ಎಲಿಜಬೆತ್ ಕೇ-ರೇನಿಂಗ್ ಬರ್ಡ್ ಮತ್ತು ಸಂಗಡಿಗರು ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಅಭ್ಯಸಿಸಿ 2005ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಎರಡು ಭಾಷೆಗಳ ನಡುವೆ ಬೆಳೆದ ಮಕ್ಕಳು ಒಂದೇ ಭಾಷೆಯ ಮಕ್ಕಳಿಗಿಂತ ಹಿಂದೆ ಬಿದ್ದಿರಲಿಲ್ಲ. ಇಷ್ಟು ಕಾಲದ ಮೇಲೂ “ಮನೆಭಾಷೆ ಬಿಡಿ” ಎಂಬ ಸಲಹೆ ಸಾಗಿಬರುತ್ತಿದೆಯೆಂದರೆ ನಿರಂತರ ಶಿಕ್ಷಣದ ಅಂಕಗಳು ಎಲ್ಲಿ ಖರ್ಚಾಗುತ್ತಿವೆ ಎಂದು ಕೇಳುವ ಹಕ್ಕು ನಮಗಿದೆ.

ಲಕ್ವದಿಂದ ಮಾತು ಹೋದವರ ವಿಷಯದಲ್ಲೂ ಇದೇ ಪ್ರಶ್ನೆ. ಎರಡು ಭಾಷೆ ಬಲ್ಲವರಿಗೆ ಯಾವುದು ಮೊದಲು ಮರಳುತ್ತದೆ? ಮೊದಲು ಕಲಿತದ್ದು ಎಂದು ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವಿದ್ವಾಂಸ ರಿಬೋ ಹೇಳಿದ. ಹೆಚ್ಚು ರೂಢಿಯಲ್ಲಿದ್ದದ್ದು ಎಂದು 1895ರಲ್ಲಿ ಪಿತ್ರ್ ಹೇಳಿದ. ಎರಡೂ ನಿಯಮಗಳಿಗೆ ಹೊರತಾದ ರೋಗಿಗಳು ಬೇಕಾದಷ್ಟಿದ್ದಾರೆ. ಆದ್ದರಿಂದ ಎರಡೂ ಭಾಷೆಗಳಲ್ಲಿ ಪರೀಕ್ಷಿಸುವುದೊಂದೇ ದಾರಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಮರಾಠಿ, ಗುಡ್ಡಾಪುರದ ದಾನಮ್ಮನ ಮುಂದೆ ಕನ್ನಡ ಎಂದು ಬದುಕಿದ ಮನುಷ್ಯನನ್ನು ಒಂದೇ ಭಾಷೆಯಲ್ಲಿ ಪರೀಕ್ಷಿಸಿ ಇಷ್ಟೇ ಉಳಿದಿದೆ ಎಂದು ವರದಿ ಬರೆದರೆ ಅವನ ಅರ್ಧ ಬದುಕನ್ನು ನೋಡದೆ ಬಿಟ್ಟಂತೆ.

ಅಮೆರಿಕದ ವಾಕ್ ಚಿಕಿತ್ಸಕರ ಸಂಘದ ಪ್ರಮಾಣಪತ್ರ ಉಳಿಸಿಕೊಳ್ಳಲು ಮೂರು ವರ್ಷದಲ್ಲಿ 30 ಗಂಟೆಗಳ ಕಲಿಕೆ ಬೇಕು. ಅವುಗಳಲ್ಲಿ ಒಂದು ಗಂಟೆ ವೃತ್ತಿನೀತಿಗೆ ಮೀಸಲು; 2023ರಿಂದ ಎರಡು ಗಂಟೆ ರೋಗಿಯ ಸಂಸ್ಕೃತಿ ಮತ್ತು ಭಾಷೆಯಂತಹ ಭಿನ್ನತೆಗಳನ್ನು ಅರಿತು ನಡೆಯುವ ಕಲಿಕೆಗೆ ಮೀಸಲು. ಎರಡು ಗಂಟೆ ಬಹಳವಲ್ಲ, ನಿಜ. ಆದರೂ ನ್ಯೂಜೆರ್ಸಿಗೆ ಹೋಗಿ ನೆಲೆಸಿದ ಕನ್ನಡ ದಂಪತಿಗಳ ಮಗುವಿನ ಮನೆಮಾತು ಬೇರೆ ಎಂಬುದನ್ನು ಚಿಕಿತ್ಸಕರು ನೆನೆಯಲೇಬೇಕೆಂದು ನಿಯಮ ಹೇಳುತ್ತದೆ. ಹತ್ತು ಮೈಲಿಗೊಂದು ನುಡಿಯಿರುವ ದೇಶದಲ್ಲಿ ಇಂಥ ಗಂಟೆಗಳನ್ನು ಇನ್ನೂ ಹೆಚ್ಚು ಮೀಸಲಿಡಬೇಕಾಗಿತ್ತು.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ತಜ್ಞರೇ ಸಿಗದ ಕಡೆ ಭಾಷೆಯ ಷರತ್ತು ಹಾಕಿದರೆ ಇದ್ದವರೂ ಬಾರದೆ ಹೋದಾರು ಎಂಬುದು ಒಂದು. ಇದು ತಳ್ಳಿಹಾಕುವ ಮಾತಲ್ಲ. 2013ರಲ್ಲಿ ನಮ್ಮ ರಾಜ್ಯದ ಪಾಲಘರದಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣೆಯ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು; ಜಿಲ್ಲಾ ಕೇಂದ್ರದಲ್ಲಿ ವಾಕ್ ಶ್ರವಣ ತಜ್ಞರೊಬ್ಬರು ಇರಬೇಕು. ಇಡೀ ಜಿಲ್ಲೆಗೆ ಒಂದು ಕೇಂದ್ರ. ಅಲ್ಲಿ ಕುಳಿತವರಿಗೆ ಕನ್ನಡವೂ ಬರಲೇಬೇಕು ಎಂದು ಹಟ ಹಿಡಿಯುವುದು ಕಷ್ಟ. ಆದರೆ ನಾನು ಕೇಳುವುದು ಎಲ್ಲರೂ ಎಲ್ಲ ಭಾಷೆ ಕಲಿಯಬೇಕೆಂದಲ್ಲ. ಯಾವ ಭಾಷೆಯಲ್ಲಿ ಪರೀಕ್ಷಿಸಿದೆವು ಎಂಬುದನ್ನು ವರದಿಯಲ್ಲಿ ಬರೆಯಲಿ. ತಮಗೆ ಯಾವ ಭಾಷೆಗಳಲ್ಲಿ ಚಿಕಿತ್ಸೆ ನೀಡಲು ಬರುತ್ತದೆ ಎಂಬುದು ಗೋಡೆಯ ಮೇಲಿನ ಪ್ರಮಾಣಪತ್ರದ ಪಕ್ಕದಲ್ಲಿ ಕಾಣುವಂತಿರಲಿ. ತಾವು ಕೆಲಸ ಮಾಡುವ ಸೀಮೆಯ ಭಾಷೆಗಳ ಬಗೆಗಿನ ಕಲಿಕೆಗೆ ನವೀಕರಣದ ಅಂಕಗಳಲ್ಲಿ ಒಂದು ಪಾಲು ಕಡ್ಡಾಯವಾಗಿರಲಿ. ಆ ಕಲಿಕೆಯನ್ನು ನಡೆಸಿಕೊಡಲು ಪುಣೆ ಮುಂಬಯಿಗಳ ಹೋಟೆಲುಗಳೇ ಬೇಕಿಲ್ಲ. ಜತ್ತದಂತಹ ಊರಿನ ಕಾಲೇಜಿನ ಕನ್ನಡ ಮತ್ತು ಮರಾಠಿ ವಿಭಾಗಗಳು ಸೇರಿ ಎರಡು ದಿನದಲ್ಲಿ ಮಾಡಬಲ್ಲವು.

ಎರಡನೆಯ ಆಕ್ಷೇಪ, ಇದು ಗಡಿವಾದವನ್ನು ಆಸ್ಪತ್ರೆಯೊಳಕ್ಕೆ ತಂದಂತೆ ಎಂಬುದು. 2022ರ ಕೊನೆಯಲ್ಲಿ ನಮ್ಮ ತಾಲ್ಲೂಕಿನ 40 ಹಳ್ಳಿಗಳ ಮಾತು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಎಷ್ಟು ಕಾವೇರಿತೆಂದು ನಿಮಗೆ ನೆನಪಿದೆ. ಆ ಗದ್ದಲದಲ್ಲಿ ಬಸ್ಸುಗಳಿಗೆ ಮಸಿ ಬಳಿದವರಿದ್ದರು. ಮಾತು ಬಾರದ ಮಗುವನ್ನು ಯಾವ ಭಾಷೆಯಲ್ಲಿ ಪರೀಕ್ಷಿಸುತ್ತೀರಿ ಎಂದು ಕೇಳಿದವರನ್ನು ಎರಡೂ ಕಡೆ ನಾನು ಕಾಣಲಿಲ್ಲ. ಈ ಬೇಡಿಕೆ ಗಡಿರೇಖೆಯ ಆಚೆ ಈಚೆ ಎರಡಕ್ಕೂ ಸಮಾನ. ಬೆಳಗಾವಿಯ ಮರಾಠಿ ಮನೆಯ ಮಗುವನ್ನು ಕನ್ನಡದಲ್ಲಷ್ಟೇ ಪರೀಕ್ಷಿಸಿದರೆ ಅದೂ ಇಷ್ಟೇ ತಪ್ಪು.

ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅಕ್ಷರಗಳ ಲೆಕ್ಕಕ್ಕೆ ಇಳಿಯುವ ಮುನ್ನ ಶಬ್ದ ಹುಟ್ಟುವ ಬಗೆಯನ್ನು ವಿವರಿಸುತ್ತಾನೆ: ನಾಭಿಯ ಮೂಲದಿಂದ ಉಸಿರಿನ ನೆರವಿನಿಂದ ಕಹಳೆಯ ರೀತಿಯಲ್ಲಿ ಅದು ಹೊಮ್ಮುತ್ತದೆಂದು. ಶರೀರವನ್ನೂ ವ್ಯಾಕರಣವನ್ನೂ ಅವನು ಬೇರೆ ಬೇರೆ ಶಾಖೆಗಳಿಗೆ ಹಂಚಿಬಿಟ್ಟಿರಲಿಲ್ಲ. ಇಂದಿನ ಪ್ರವೇಶ ನಿಯಮಗಳು ಹಂಚಿವೆ. ಭಾಷಾವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ವಾಕ್ ಶ್ರವಣ ಸಂಸ್ಥೆಗಳಲ್ಲಿ ಬೋಧನೆ, ಸಂಶೋಧನೆಯ ಅವಕಾಶಗಳುಂಟು; ಮೈಸೂರಿನಲ್ಲಿಯೇ 1969ರಿಂದ ಭಾರತೀಯ ಭಾಷಾ ಸಂಸ್ಥಾನವೂ ಇದೆ. ನಿಮ್ಮಲ್ಲಿ ಒಬ್ಬಿಬ್ಬರಾದರೂ ಆ ಕಡೆ ನೋಡಬೇಕು ಎಂಬ ಆಸೆ ನನಗಿದೆ.

ಅದಕ್ಕೆ ಮೊದಲು ಇಲ್ಲಿಯೇ ಮಾಡಬಹುದಾದ ಕೆಲಸವೊಂದಿದೆ. ಜತ್ತ ಸೀಮೆಯ ಐದಾರು ವರ್ಷದ, ಆರೋಗ್ಯವಂತ ಮಕ್ಕಳು ಯಾವ ವಸ್ತುವಿಗೆ ಏನೆನ್ನುತ್ತಾರೆ, ಯಾವ ವಯಸ್ಸಿನಲ್ಲಿ ರಕಾರ, ಳಕಾರ, ಣಕಾರಗಳು ಅವರ ಬಾಯಿಗೆ ನಿಲ್ಲುತ್ತವೆ ಎಂಬುದರ ಬರಹ ನಮ್ಮ ಕೈಯಲ್ಲಿದ್ದರೆ, ಹೊರಗಿನಿಂದ ಬಂದ ಚಿಕಿತ್ಸಕರಿಗೆ ಭಿನ್ನತೆಯನ್ನೂ ದೋಷವನ್ನೂ ಬೇರ್ಪಡಿಸಲು ಒಂದು ಆಧಾರ ಸಿಗುತ್ತದೆ. ಮೂರನೆಯ ವರ್ಷದ ಕಿರುಪ್ರಬಂಧಕ್ಕೆ ವಿಷಯ ಹುಡುಕುತ್ತಿರುವವರು ಇದನ್ನು ಎತ್ತಿಕೊಳ್ಳಬಹುದು. ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರದ ಕಡೆಯಿಂದ ಬರುವವರಿಗೆ ತಮ್ಮ ಮನೆಯ ಅಂಗಳದಲ್ಲಿಯೇ ಸಾಮಗ್ರಿ ಇದೆ. ತಂದೆ ತಾಯಿಯ ಒಪ್ಪಿಗೆ ಇಲ್ಲದೆ ಧ್ವನಿಮುದ್ರಣ ಬೇಡ. ಮಗುವಿನ ಹೆಸರು ಬೇಡ. ವಯಸ್ಸು, ಊರು, ಮನೆಮಾತು, ಶಾಲೆಯ ಮಾಧ್ಯಮ ಇಷ್ಟು ಸಾಕು. ತಾಟು, ತಂಬಿಗಿ, ಉಳ್ಳಾಗಡ್ಡಿಯಿಂದ ಮೊದಲು ಮಾಡಿ ನೂರು ಶಬ್ದಗಳ ಪಟ್ಟಿಯೊಂದನ್ನು ವಿಭಾಗದಲ್ಲಿ ಇರಿಸಿದ್ದೇನೆ. ಮಗು ಹೇಳಿದ್ದನ್ನು ತಿದ್ದದೆ, ಕೇಳಿದಂತೆಯೇ ಬರೆದುಕೊಂಡು ಬನ್ನಿರಿ.